ಎರಡು ಕಡ್ಡಿ, ಒಂದು ಉಂಡೆ ನೂಲು

ಜಡೆ ಹೆಣೆಯಲು ಬರುತ್ತದೆಯೇ? ಬರುತ್ತದೆ. ಹೂವಿನ ದಂಡೆ ಕಟ್ಟಲು? ಅದೂ ಬರುತ್ತದೆ. ಹಾಗಾದರೆ ಸ್ವೆಟರ್ ಹೆಣೆಯಲು?

"ಅಯ್ಯೋ, ಅದು ನಮಗೆಲ್ಲಿ ಬರಬೇಕು ಟೀಚರ್! ಅದೆಲ್ಲ ಓದಿದವರ ಕೆಲಸ."

ಈ ಮಾತನ್ನು ನಾವು ಕೇಳಿದ್ದು ಬಾಳೆಹೊನ್ನೂರಿನ ಹತ್ತಿರದ ಒಂದು ಶಾಲೆಯ ಜಗುಲಿಯಲ್ಲಿ. ಅದು ಜುಲೈ ತಿಂಗಳು. ನಮ್ಮ ಕಡೆ ಮಳೆ ಹೇಗೆ ಎಂದು ನಿಮಗೆ ಗೊತ್ತು. ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನ ತನಕ ಬಿಡುವುದಿಲ್ಲ. ಭದ್ರಾ ನದಿ ಕೆಂಪಗೆ ತುಂಬಿ ಹರಿಯುತ್ತದೆ. ಒಲೆಯ ಹತ್ತಿರ ಬಿಟ್ಟರೆ ಬೇರೆಲ್ಲೂ ಬಟ್ಟೆ ಒಣಗುವುದಿಲ್ಲ. ಕರೆಂಟು ಹೋದರೆ ಎರಡು ದಿನ, ಮೂರು ದಿನ ಬರುವುದಿಲ್ಲ. ಅಂಥ ದಿನಗಳಲ್ಲಿ ಅಕ್ಷರದ ತರಗತಿಗೆ ಬರುವವರು ಕಡಿಮೆ. ಬಂದವರೂ ಪುಸ್ತಕ ಮುಚ್ಚಿಟ್ಟು ಮಳೆ ನೋಡುತ್ತಾ ಕೂರುತ್ತಾರೆ. ನಾವೂ ನೋಡುತ್ತಾ ಕೂತಿದ್ದೆವು. ಸುಳ್ಳು ಹೇಳುವುದು ಯಾಕೆ?

ಆಗ ತೋಟದ ಲೈನಿನಿಂದ ಬರುತ್ತಿದ್ದ ಒಬ್ಬ ಅಕ್ಕ ತನ್ನ ಚೀಲಕ್ಕೆ ಕೈ ಹಾಕಿದಳು. ಎರಡು ಸೈಕಲ್ ಕಡ್ಡಿ ತೆಗೆದಳು. ಚಕ್ರದಲ್ಲಿ ಇರುತ್ತದಲ್ಲ, ಅದೇ ಕಡ್ಡಿ. ತುದಿಯನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದ್ದಳು. ಜೊತೆಗೆ ಒಂದು ಉಂಡೆ ಹಸಿರು ಉಲ್ಲನ್. ಯಾರ ಕಡೆಗೂ ನೋಡದೆ ಟಕ ಟಕ ಹೆಣೆಯತೊಡಗಿದಳು. ಎರಡೇ ನಿಮಿಷ. ಜಗುಲಿಯಲ್ಲಿದ್ದ ಎಲ್ಲರೂ ಅವಳ ಸುತ್ತ ಇದ್ದರು.

"ಎಂತ ಮಾರಾಯ್ತಿ ಇದು? ಎಲ್ಲಿ ಕಲಿತೆ?"

"ಸಣ್ಣವಳಿದ್ದಾಗ ಚಿಕ್ಕಮಗಳೂರಲ್ಲಿ ಒಂದು ಮನೇಲಿ ಮಗು ನೋಡ್ಕೊಳ್ಳಕ್ಕೆ ಇದ್ದೆ. ಆ ಮನೆ ಅಮ್ಮ ಹೆಣೀತಿದ್ರು. ನೋಡಿ ನೋಡಿ ಬಂತು."

"ನಿಂಗೆ ಓದಕ್ಕೇ ಬರ್ತಿರಲಿಲ್ಲ ಅಲ್ದಾ?"

"ಕೈಗೆ ಬಂತಲ್ಲ."

ನಮ್ಮ ಹೆಣಿಗೆ ಗುಂಪು ಶುರುವಾದದ್ದು ಹೀಗೆ. ಯಾರೂ ಸಭೆ ಕರೆಯಲಿಲ್ಲ. ಯಾರೂ ದೀಪ ಹಚ್ಚಿ ಉದ್ಘಾಟನೆ ಮಾಡಲಿಲ್ಲ.

ನೇಯುವುದು ಬೇರೆ, ಹೆಣೆಯುವುದು ಬೇರೆ

ನಮ್ಮ ಮಲೆನಾಡಿನ ಹಿರಿಯರು ಮಳೆಗೆ ಗೊರಬು ಹಾಕುತ್ತಿದ್ದರು. ಇಲ್ಲವೇ ಕಂಬಳಿ ಕೊಪ್ಪೆ. ಕಂಬಳಿ ಬರುತ್ತಿದ್ದುದು ಬಯಲುಸೀಮೆಯಿಂದ. ಚಳ್ಳಕೆರೆಯ ಕಂಬಳಿಗೆ ಇಂದಿಗೂ ಹೆಸರಿದೆ. ಕಂಬಳಿಯೂ ಉಣ್ಣೆ, ಸ್ವೆಟರೂ ಉಣ್ಣೆ. ಆದರೆ ಎರಡೂ ಒಂದೇ ಅಲ್ಲ.

ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಉದ್ದಕ್ಕೆ ನೂರಾರು ಎಳೆ ಇರುತ್ತವೆ. ಅವುಗಳ ಮೇಲೊಮ್ಮೆ ಕೆಳಗೊಮ್ಮೆ ಅಡ್ಡ ಎಳೆ ಹಾಯುತ್ತದೆ. ಆದ್ದರಿಂದ ಕಂಬಳಿ ಎಳೆದರೆ ಹಿಗ್ಗುವುದಿಲ್ಲ.

ಹೆಣಿಗೆಗೆ ಮಗ್ಗ ಬೇಡ. ಒಂದೇ ನೂಲು ಸಾಕು. ಆ ನೂಲಿನಲ್ಲಿ ಒಂದು ಕುಣಿಕೆ. ಆ ಕುಣಿಕೆಯ ಒಳಗಿಂದ ಇನ್ನೊಂದು ಕುಣಿಕೆ. ಅದರ ಒಳಗಿಂದ ಮತ್ತೊಂದು. ಕುಣಿಕೆ ಎಂದರೆ ಬಳೆಯ ಹಾಗೆ, ಎಳೆದರೆ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಹಾಗೆ ಆಗುತ್ತದೆ. ಆದ್ದರಿಂದ ಸ್ವೆಟರು ಮೈಗೆ ಕೂರುತ್ತದೆ.

ನಿಮ್ಮ ಮನೆಯಲ್ಲಿ ಒಂದು ಹಳೆಯ ಬನಿಯನ್ ಇದ್ದರೆ ತನ್ನಿ. ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಸರಪಳಿಯಂಥ ಸಾಲು ಕಾಣುತ್ತದೆ. ಬನಿಯನ್ ಕೂಡ ಹೆಣಿಗೆಯೇ! ಅದನ್ನು ಯಂತ್ರ ಹೆಣೆದಿರುತ್ತದೆ. ನಮ್ಮ ದೇಶದ ಬನಿಯನ್‌ಗಳಲ್ಲಿ ಬಹಳಷ್ಟು ಬರುವುದು ತಮಿಳುನಾಡಿನ ತಿರುಪ್ಪೂರಿನಿಂದ. ಈಗ ಒಂದು ಶರ್ಟಿನ ಬಟ್ಟೆ ನೋಡಿ. ಅಲ್ಲಿ ಸರಪಳಿ ಇಲ್ಲ. ಉದ್ದ ಎಳೆ, ಅಡ್ಡ ಎಳೆ, ಅಷ್ಟೇ. ಇದನ್ನು ತೋರಿಸಿದ ದಿನ ಒಬ್ಬ ಅಜ್ಜಿ ಮನೆಗೆ ಹೋಗಿ ಎಲ್ಲರ ಬಟ್ಟೆಯನ್ನೂ ತಿರುಗಿಸಿ ನೋಡಿದರಂತೆ. ಮೊಮ್ಮಗ ಹೇಳಿ ನಕ್ಕ.

ಹೆಣಿಗೆ ಬಹಳ ಹಳೆಯ ವಿದ್ಯೆ. ಈಜಿಪ್ಟ್ ದೇಶದಲ್ಲಿ ನೂರಾರು ವರ್ಷ ಹಿಂದಿನ ಹೆಣೆದ ಕಾಲುಚೀಲಗಳು ಸಿಕ್ಕಿವೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಯಂತ್ರ ಬಂದರೂ ಕೈ ಹೆಣಿಗೆ ನಿಲ್ಲಲಿಲ್ಲ.

ಏನೇನು ಬೇಕು?

ಎರಡು ಕಡ್ಡಿ ಬೇಕು. ಅಂಗಡಿಯಲ್ಲಿ ಸಿಗುವ ಕಡ್ಡಿಗೆ ನಂಬರ್ ಇರುತ್ತದೆ. ಇಲ್ಲೊಂದು ತಮಾಷೆ ಇದೆ. ನಂಬರ್ ಹೆಚ್ಚಾದ ಹಾಗೆ ಕಡ್ಡಿ ಸಣ್ಣ! 8ನೇ ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪ. 11ನೇ ನಂಬರಿನದು 3 ಮಿಲಿಮೀಟರ್. ನಂಬರ್ ಓದದೆ ತಂದರೆ ಮೋಸ ಹೋಗುತ್ತೀರಿ. ಕಲಿಯುವವರಿಗೆ 8ನೇ ನಂಬರ್ ಒಳ್ಳೆಯದು. ಬಿದಿರನ್ನು ಸೀಳಿ, ಉಪ್ಪು ಕಾಗದದಲ್ಲಿ ಉಜ್ಜಿ ಮನೆಯಲ್ಲಿಯೇ ಕಡ್ಡಿ ಮಾಡಿಕೊಳ್ಳಬಹುದು. ನಮ್ಮಲ್ಲಿ ಇಬ್ಬರು ಹಾಗೆಯೇ ಮಾಡಿಕೊಂಡಿದ್ದಾರೆ. ಬಿದಿರು ಕೈಯಿಂದ ಜಾರುವುದಿಲ್ಲ. ನಮ್ಮನ್ನು ಕೇಳಿದರೆ ಅಂಗಡಿ ಕಡ್ಡಿಗಿಂತ ಅದೇ ವಾಸಿ.

ಇನ್ನು ನೂಲು. ಅಂಗಡಿಯಲ್ಲಿ "ಉಲ್ಲನ್ ಕೊಡಿ" ಎಂದು ಕೇಳುತ್ತೇವೆ. ಅವರು ಕೊಡುವುದು ಹೆಚ್ಚಾಗಿ ಉಣ್ಣೆಯಲ್ಲ. ಅದು ಅಕ್ರಿಲಿಕ್ ಎಂಬ ನೂಲು. ಪ್ಲಾಸ್ಟಿಕ್ಕಿನ ಹಾಗೆ ಕಾರ್ಖಾನೆಯಲ್ಲಿ ಮಾಡಿದ್ದು. ಚೀಟಿಯ ಮೇಲೆ ಬರೆದಿರುತ್ತದೆ. ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ. ಅಗ್ಗ. ಬಣ್ಣ ಚೆನ್ನ. ತೊಳೆಯುವುದು ಸುಲಭ. ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಅದೇ ದೊಡ್ಡ ಗುಣ. ಕುರಿಯ ಉಣ್ಣೆಯ ಗುಣ ಬೇರೆ. ಅದು ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಹೊದ್ದು ಸಸಿ ನೆಟ್ಟವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ಅಕ್ರಿಲಿಕ್ ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಕರಗುತ್ತದೆ. ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮ ಕಡೆ ಏನು ಮಾಡುತ್ತೇವೆ? ಮಗುವಿಗೆ ಸ್ವೆಟರು ಹಾಕಿ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಮಲಗಿಸುತ್ತೇವೆ. ಬಚ್ಚಲ ಒಲೆಯ ಮುಂದೆ ಮಕ್ಕಳನ್ನು ಕೂರಿಸುತ್ತೇವೆ. ಅದು ಬೇಡ. ಒಲೆಯ ಹತ್ತಿರ ಹೋಗುವಾಗ ನೀವೂ ಅಕ್ರಿಲಿಕ್ ಸ್ವೆಟರು ತೆಗೆದಿಡಿ.

ನೂಲು ಯಾವುದು ಎಂದು ತಿಳಿಯಲು ಒಂದು ಉಪಾಯ ಇದೆ. ಒಂದು ಬೆರಳುದ್ದ ನೂಲು ಕತ್ತರಿಸಿ. ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಡಿ. ಪಕ್ಕದಲ್ಲಿ ನೀರು ಇರಲಿ. ಮಕ್ಕಳು ದೂರ ಇರಲಿ. ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಆದರೆ ಅದು ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಕರಿ ಮಣಿಯ ಹಾಗೆ ಆದರೆ ಅದು ಅಕ್ರಿಲಿಕ್.

ಉಣ್ಣೆಯ ಬಟ್ಟೆ ತೊಳೆಯಲು ಅಂಟುವಾಳ ಕಾಯಿ ಬಹಳ ಒಳ್ಳೆಯದು. ಬಿಸಿ ನೀರು ಬೇಡ. ಉಜ್ಜುವುದು ಬೇಡ. ಹಿಂಡಿ ತಂತಿಗೆ ನೇತು ಹಾಕಿದರೆ ಸ್ವೆಟರು ಮೊಣಕಾಲಿನ ತನಕ ಇಳಿಯುತ್ತದೆ. ಚಾಪೆಯ ಮೇಲೆ ಹರಡಿ ಒಣಗಿಸಿ.

ಹೆಣೆಯುವುದು ಹೇಗೆ?

ಪುಸ್ತಕ ಓದಿ ಈಜು ಬರುವುದಿಲ್ಲ. ಹೆಣಿಗೆಯೂ ಹಾಗೆಯೇ. ಗೊತ್ತಿರುವ ಒಬ್ಬರ ಪಕ್ಕದಲ್ಲಿ ಕೂರಬೇಕು. ಎದುರಿಗೆ ಕೂತರೆ ಎಡ ಬಲ ತಿರುಗಿ ಕಾಣುತ್ತದೆ. ಪಕ್ಕದಲ್ಲಿಯೇ ಕೂರಿ. ಮೊಬೈಲಿನಲ್ಲಿ ನೋಡಿ ಕಲಿಯುವವರೂ ಇದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಮೊಬೈಲಿಗೆ ನೆಟ್‌ವರ್ಕ್ ಸಿಕ್ಕಿದರೆ ಪುಣ್ಯ!

ಮೊದಲು ಒಂದು ಕಡ್ಡಿಯ ಮೇಲೆ ಕುಣಿಕೆಗಳನ್ನು ಹಾಕಿಕೊಳ್ಳುತ್ತೇವೆ. ಕುಣಿಕೆ ಇರುವ ಕಡ್ಡಿ ಎಡಗೈಯಲ್ಲಿ. ಖಾಲಿ ಕಡ್ಡಿ ಬಲಗೈಯಲ್ಲಿ. ಆಮೇಲೆ ನಾಲ್ಕೇ ಕೆಲಸ. ಬಲಗೈ ಕಡ್ಡಿಯನ್ನು ಕುಣಿಕೆಯ ಒಳಗೆ ತೂರಿಸು. ನೂಲು ಸುತ್ತು. ಆ ನೂಲನ್ನು ಒಳಗಿಂದ ಈಚೆಗೆ ಎಳೆ. ಹಳೆಯ ಕುಣಿಕೆಯನ್ನು ಬಿಡು. ತೂರಿಸು, ಸುತ್ತು, ಎಳೆ, ಬಿಡು. ಹೊಸ ಕುಣಿಕೆ ಬಲಗೈ ಕಡ್ಡಿಗೆ ಬಂತು. ಇದನ್ನು ಸೀದಾ ಎನ್ನುತ್ತೇವೆ. ನೂಲನ್ನು ಮುಂದಕ್ಕೆ ತಂದು, ಕಡ್ಡಿಯನ್ನು ಬಲದಿಂದ ಎಡಕ್ಕೆ ತೂರಿಸಿ ಹೆಣೆದರೆ ಅದು ಉಲ್ಟಾ. ಸೀದಾ ಮತ್ತು ಉಲ್ಟಾ. ಸ್ವೆಟರು, ಟೋಪಿ, ಮಫ್ಲರ್, ಕಾಲುಚೀಲ ಎಲ್ಲಕ್ಕೂ ಬುಡ ಈ ಎರಡೇ. ಕನ್ನಡಕ್ಕಾದರೆ 49 ಅಕ್ಷರ ಕಲಿಯಬೇಕಾಯಿತು. ಇಲ್ಲಿ ಎರಡು!

ಮೊದಲ ದಿನ ಎಲ್ಲರೂ ನೂಲನ್ನು ಬಿಗಿಯಾಗಿ ಎಳೆಯುತ್ತಾರೆ. ಕಡ್ಡಿ ಒಳಗೆ ಹೋಗುವುದೇ ಇಲ್ಲ. ಭುಜ ನೋಯುತ್ತದೆ. ಬೆವರು ಬರುತ್ತದೆ. ಕುಣಿಕೆ ಜಾರಿ ಬೀಳುತ್ತದೆ. 20 ಕುಣಿಕೆಯಿಂದ ಶುರು ಮಾಡಿದ್ದು ಅದು ಹೇಗೋ 26 ಆಗಿರುತ್ತದೆ. ನಮ್ಮಲ್ಲಿ ಒಬ್ಬ ಅತ್ತಿಗೆ ಸಿಟ್ಟಿನಿಂದ ಉಂಡೆಯನ್ನೇ ಅಂಗಳಕ್ಕೆ ಎಸೆದರು. ನಾಯಿಮರಿ ಕಚ್ಚಿಕೊಂಡು ಓಡಿತು. ಅದರ ಹಿಂದೆ ಇಡೀ ತರಗತಿ ಓಡಿತು. ಆ ದಿನ ಅಕ್ಷರವೂ ಇಲ್ಲ, ಹೆಣಿಗೆಯೂ ಇಲ್ಲ.

ತಪ್ಪಿದರೆ ಭಯ ಬೇಡ. ಅಕ್ಕಿ ರೊಟ್ಟಿ ಸೀದು ಹೋದರೆ ಹೋಯಿತು. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು. ಹೆಣಿಗೆಯಲ್ಲಿ ತಪ್ಪಿದರೆ ಬಿಚ್ಚಬಹುದು. ನೂಲು ಮತ್ತೆ ಉಂಡೆಯಾಗುತ್ತದೆ. ಏನೂ ನಷ್ಟವಿಲ್ಲ. ಎರಡು ವಾರ ಕಳೆದ ಮೇಲೆ ಕೈಗೆ ತಾನೇ ತಿಳಿಯುತ್ತದೆ. ಕಣ್ಣು ಮಳೆಯ ಮೇಲೆ ಇದ್ದರೂ ಕೈ ತನ್ನಷ್ಟಕ್ಕೆ ಹೆಣೆಯುತ್ತದೆ. ಮಾತು ಸಾಗುತ್ತದೆ. ಕಾಫಿ ಆರಿ ಹೋಗಿರುತ್ತದೆ. "ಇನ್ನೊಂದೇ ಸಾಲು" ಎನ್ನುತ್ತಾ ಹತ್ತು ಸಾಲು ಆಗಿರುತ್ತದೆ. ಈ ಸುಖವನ್ನು ಬರೆದು ತಿಳಿಸಲು ಆಗುವುದಿಲ್ಲ.

ಭಾನುವಾರದ ಗುಂಪು

ನಮ್ಮ ಗುಂಪು ಸೇರುವುದು ಭಾನುವಾರ ಮಧ್ಯಾಹ್ನ. ಶಾಲೆಯ ಜಗುಲಿಯಲ್ಲಿ. ಒಂಬತ್ತು ಹತ್ತು ಜನ ಬರುತ್ತಾರೆ. ಕೆಲವು ದಿನ ನಾಲ್ಕೇ ಜನ. ಕಾಫಿ ಕುಯ್ಲಿನ ದಿನಗಳಲ್ಲಿ, ಡಿಸೆಂಬರ್ ಜನವರಿಯಲ್ಲಿ, ಯಾರೂ ಬರುವುದಿಲ್ಲ. ಆಗ ಗುಂಪು ಮುಚ್ಚಿರುತ್ತದೆ. ಆದ್ದರಿಂದ ಚಳಿಗೆ ಬೇಕಾದದ್ದನ್ನು ಮಳೆಯಲ್ಲಿಯೇ ಹೆಣೆದು ಮುಗಿಸಬೇಕು.

ನಮ್ಮ ಊರುಗಳಲ್ಲಿ ಸಂಘಗಳು ಹೊಸದಲ್ಲ. 2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಧರ್ಮಸ್ಥಳದ ಯೋಜನೆಯ ಸಂಘಗಳೂ ಇವೆ. ಅಲ್ಲಿ ಉಳಿತಾಯ, ಸಾಲ, ಕಂತು ಎಲ್ಲ ಇದೆ. ಅದು ಬೇಕು. ಆದರೆ ಅಲ್ಲಿಗೆ ಹೋಗುವಾಗ ಎದೆಯಲ್ಲಿ ಕಂತಿನ ಚಿಂತೆ ಇರುತ್ತದೆ. ಹೆಣಿಗೆ ಗುಂಪಿಗೆ ಕಂತಿಲ್ಲ. ದಂಡವಿಲ್ಲ. ಅಧ್ಯಕ್ಷರಿಲ್ಲ. ಗೊತ್ತಿದ್ದವರು ಕಲಿಸಬೇಕು, ಗೊತ್ತಿಲ್ಲದವರು ನಾಚಿಕೆ ಬಿಟ್ಟು ಕೇಳಬೇಕು. ಇಷ್ಟೇ ನಿಯಮ.

ಆದರೆ ಶುರುವಿನಲ್ಲಿ ಇದೂ ಸುಲಭವಾಗಿರಲಿಲ್ಲ. ಕಲಿಸುವವಳು ಲೈನಿನ ಅಕ್ಕ. ಕಲಿಯಲು ಬಂದವರಲ್ಲಿ ತೋಟದ ಮನೆಯ ಅಮ್ಮ ಒಬ್ಬರು. ಬೇರೆ ದಿನಗಳಲ್ಲಿ ಅಕ್ಕ ಅವರ ಅಂಗಳದಲ್ಲಿ ನಿಂತು ಮಾತಾಡುವವಳು. ಇಲ್ಲಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದು ತಿದ್ದಬೇಕು. ಮೊದಲ ಭಾನುವಾರ ಅಕ್ಕ ದೂರ ಕೂತಳು. ಅಮ್ಮನೂ ಚಾಪೆಯ ಆ ತುದಿ. ದೂರದಿಂದ ಹೇಳಿದ್ದು ಅರ್ಥವಾಗಲಿಲ್ಲ. ಎರಡನೆಯ ಭಾನುವಾರವೂ ಆಗಲಿಲ್ಲ. ಮೂರನೆಯ ಭಾನುವಾರ ಅಮ್ಮ ತಾವೇ ಎದ್ದು ಅಕ್ಕನ ಪಕ್ಕದಲ್ಲಿ ಕೂತರು. "ಹಿಡಿದು ತೋರಿಸೇ ಮಾರಾಯ್ತಿ, ನನ್ನ ಕೈ ಏನು ಸುಡೋದಿಲ್ಲ" ಎಂದರು. ಅಲ್ಲಿಂದ ಮುಂದೆ ಒಂದೇ ಚಾಪೆ. ಅಂಗಳದಲ್ಲಿ ಏನು ಬದಲಾಯಿತು ಎಂದು ನಾವು ಕೇಳಲು ಹೋಗಿಲ್ಲ. ಚಾಪೆಯ ವಿಷಯ ಮಾತ್ರ ಕಣ್ಣಾರೆ ಕಂಡಿದ್ದು.

ಮನೆಯಲ್ಲಿ ಮಾತು ಕೇಳಿದವರೂ ಇದ್ದಾರೆ. "ಭಾನುವಾರ ಮನೆ ಕೆಲಸ ಬಿಟ್ಟು ಎಂತಕ್ಕೆ ಹೋಗ್ತೀಯಾ?" ಎಂದು ಒಬ್ಬಳ ಅತ್ತೆ ಗದರಿದರು. ಅವಳು ಮೊದಲು ಹೆಣೆದ ಮಫ್ಲರನ್ನು ಅತ್ತೆಗೇ ಕೊಟ್ಟಳು. ಈಗ ಅತ್ತೆಯೇ ಮಧ್ಯಾಹ್ನ ಮೂರು ಗಂಟೆಗೆ "ಹೊತ್ತಾಯ್ತು, ಹೋಗೇ" ಎನ್ನುತ್ತಾರಂತೆ. ಎಲ್ಲ ಮನೆಯಲ್ಲಿಯೂ ಹೀಗೆ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಇಬ್ಬರು ಬರುವುದನ್ನು ಬಿಟ್ಟರು.

68 ಮತ್ತು 86

ಈಗ ಟೋಪಿಯ ಕಥೆ.

ಆ ವರ್ಷ ಆಗಸ್ಟ್ ತಿಂಗಳಲ್ಲಿ ಲೈನಿನ ಒಬ್ಬ ಹುಡುಗಿಗೆ ಹೆರಿಗೆ ಆಯಿತು. ದಿನ ತುಂಬುವ ಮೊದಲೇ ಆಯಿತು. ಮಗು 2 ಕಿಲೋಗಿಂತ ಕಡಿಮೆ ಇತ್ತು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎನ್ನುತ್ತಾರೆ. ಅಂಥ ಮಗುವಿಗೆ ಚಳಿಯೇ ದೊಡ್ಡ ಶತ್ರು. ಅದರ ಮೈಯಲ್ಲಿ ಕೊಬ್ಬು ಕಡಿಮೆ. ಮೈಗೆ ಹೋಲಿಸಿದರೆ ತಲೆ ದೊಡ್ಡದು. ತಲೆಯಿಂದಲೂ ಬಿಸಿ ಹೊರಗೆ ಹೋಗುತ್ತದೆ. ಮಗುವಿನ ಮೈಬಿಸಿ 36.5 ಡಿಗ್ರಿಯಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಅದಕ್ಕಿಂತ ಇಳಿದರೆ ಮಗು ಹಾಲು ಎಳೆಯುವುದಿಲ್ಲ. ಸುಸ್ತಾಗುತ್ತದೆ. ಜೀವಕ್ಕೇ ಅಪಾಯ. ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಮಗುವನ್ನು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಔಷಧಿ. ಜೊತೆಗೆ ಎದೆಹಾಲು. ಜೊತೆಗೆ ತಲೆಗೆ ಟೋಪಿ.

ನರ್ಸಮ್ಮ ಟೋಪಿ ತರಲು ಹೇಳಿದರು. ಮನೆಯಲ್ಲಿ ಇರಲಿಲ್ಲ. ಜಡಿಮಳೆ. ಪೇಟೆಗೆ ಹೋಗಲು ಬಸ್ಸಿಲ್ಲ. ಹುಡುಗಿಯ ಚಿಕ್ಕಮ್ಮ ನಮ್ಮ ಗುಂಪಿನಲ್ಲಿ ಇದ್ದಳು. ಅವಳು ಆಗಷ್ಟೇ ಸೀದಾ ಉಲ್ಟಾ ಕಲಿತಿದ್ದಳು. ತಾನೇ ಹೆಣೆಯುತ್ತೇನೆ ಎಂದಳು. ಲೆಕ್ಕ ಕೇಳಿಕೊಂಡು ಹೋಗಲು ಬಂದಳು. ನಾವು ಬಾಯಲ್ಲಿ ಹೇಳಿದೆವು. ಒಂದು ಚೀಟಿಯ ಮೇಲೆ 68 ಎಂದು ಬರೆದೂ ಕೊಟ್ಟೆವು. ರಾತ್ರಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಅವಳು ಚೀಟಿ ನೋಡಿದಳು. 6 ಮತ್ತು 8 ಅವಳಿಗೆ ಗೊತ್ತು. ಯಾವುದು ಮೊದಲು ಓದಬೇಕು ಎನ್ನುವುದು ಆ ಹೊತ್ತಿಗೆ ಕಲಸಿಹೋಯಿತು. ಎಂಬತ್ತಾರು ಎಂದು ಓದಿದಳು. 86 ಕುಣಿಕೆ ಹಾಕಿದಳು. ಬೆಳಗಿನ ತನಕ ಹೆಣೆದಳು.

ಬೆಳಿಗ್ಗೆ ಟೋಪಿ ಮಗುವಿನ ತಲೆಗೆ ಹಾಕಿದರೆ ಕಣ್ಣು, ಮೂಗು ಎಲ್ಲ ಮುಚ್ಚಿತು. ಪುಟ್ಟ ಮಗುವಿನ ಮೂಗು ಮುಚ್ಚಬಾರದು. ಹಾಕುವಂತಿಲ್ಲ. ಅವಳು ಅಳುತ್ತಾ ನಮ್ಮ ಹತ್ತಿರ ಬಂದಳು.

"ನಂಗೆ ಅಂಕಿ ಸರಿ ಬರಲ್ಲ ಟೀಚರ್. ನನ್ನಿಂದ ಮಗೂಗೆ ಹಿಂಗಾಯ್ತು."

ತಪ್ಪು ನಮ್ಮದೂ ಇತ್ತು. ಒಂದು ಅಂಕಿ ಮಾತ್ರ ಬರೆದು ಕಳಿಸಿದ್ದೆವು. ಸರಿಯೋ ತಪ್ಪೋ ನೋಡಿಕೊಳ್ಳುವ ದಾರಿ ಹೇಳಿರಲಿಲ್ಲ. ನಾವು ಅವಳ ಟೋಪಿಯ ಅಂಚು ನೋಡಿದೆವು. ಅಂಚಿನಲ್ಲಿ 2 ಸೀದಾ, 2 ಉಲ್ಟಾ ಹೆಣೆಯಬೇಕು. ಸರಿಯಾಗಿ ಹೆಣೆದರೆ ಉದ್ದುದ್ದ ಗೆರೆ ಏಳುತ್ತದೆ. ಇವಳದ್ದರಲ್ಲಿ ಗೆರೆ ಇರಲಿಲ್ಲ. ಗಂಟು ಗಂಟಾಗಿತ್ತು.

"ಹೆಣೆಯುವಾಗ ಏನಾದರೂ ತಪ್ಪಿದ ಹಾಗೆ ಅನ್ನಿಸಿತಾ?" ಎಂದು ಕೇಳಿದೆವು.

"ಹೌದು ಟೀಚರ್. ಪ್ರತಿ ಸಾಲಿನ ಕೊನೆಗೆ ಎರಡು ಉಳೀತಿತ್ತು. ಉಲ್ಟಾ ಹಾಕಕ್ಕೆ ಕುಣಿಕೆಯೇ ಇರ್ತಿರಲಿಲ್ಲ. ಹೆಂಗೋ ಹೆಣೆದೆ."

ನೋಡಿ! ಅವಳ ಕೈಗೆ ತಪ್ಪು ಗೊತ್ತಾಗಿತ್ತು. 2 ಸೀದಾ, 2 ಉಲ್ಟಾ ಸೇರಿದರೆ 4. ಕುಣಿಕೆಗಳು ನಾಲ್ಕು ನಾಲ್ಕರ ಗುಂಪಾಗಿ ಮುಗಿಯಬೇಕು. 68ರಲ್ಲಿ 17 ಗುಂಪು. ಏನೂ ಉಳಿಯುವುದಿಲ್ಲ. 86ರಲ್ಲಿ 21 ಗುಂಪು ಆಗಿ 2 ಉಳಿಯುತ್ತದೆ. ಹುಣಸೆ ಬೀಜ ಇಟ್ಟು ತೋರಿಸಿದೆವು. ಅವಳು ಎರಡು ಸಲ ಎಣಿಸಿದಳು. ಕಣ್ಣು ಒರೆಸಿಕೊಂಡಳು. "ಹಂಗಾದ್ರೆ ಉಳಿದಾಗಲೇ ನಿಲ್ಲಿಸಬೇಕಿತ್ತು" ಎಂದಳು.

ಆ ದಿನ ಸೋಮವಾರ. ಆದರೂ ಗುಂಪು ಸೇರಿತು. ಒಬ್ಬರು ಟೋಪಿ ಬಿಚ್ಚಿ ನೂಲು ಸುತ್ತಿದರು. ಲೈನಿನ ಅಕ್ಕ ಇನ್ನೊಂದು ಉಂಡೆಯಲ್ಲಿ ಒಂದು ಟೋಪಿ ಶುರು ಮಾಡಿದಳು. ತೋಟದ ಮನೆಯ ಅಮ್ಮ ಒಂದು. ಚಿಕ್ಕಮ್ಮ ತನ್ನ ನೂಲಿನಲ್ಲಿ ಮತ್ತೆ ಒಂದು, ಈ ಸಲ ಎಣಿಸಿ ಎಣಿಸಿ. ಸಂಜೆಗೆ ಮೂರು ಟೋಪಿ ಆಯಿತು. ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕಳಿಸಿದೆವು. ಮಗು ಉಳಿಯಿತು. ಉಳಿಸಿದ್ದು ತಾಯಿಯ ಮೈಬಿಸಿ, ಎದೆಹಾಲು, ನರ್ಸಮ್ಮನ ಆರೈಕೆ. ಟೋಪಿಯದೂ ಒಂದು ಪಾಲು ಇದೆ ಎಂದು ನಾವು ನಂಬಿದ್ದೇವೆ.

ಅದರ ನಂತರ ನಮ್ಮ ಗುಂಪಿನಲ್ಲಿ ಎಲ್ಲರೂ ಒಂದೊಂದು ನೋಟ್ ಪುಸ್ತಕ ಇಟ್ಟರು. ಹೆಣೆದದ್ದನ್ನೆಲ್ಲ ಬರೆಯುತ್ತಾರೆ. ಸೀದಾ ಎಂದು ಪೂರ್ತಿ ಬರೆಯುವುದಿಲ್ಲ. "ಸೀ" ಎಂದು ಬರೆಯುತ್ತಾರೆ. ಉಲ್ಟಾಕ್ಕೆ "ಉ". ಎರಡು ಕುಣಿಕೆ ಜೊತೆಗೆ ಹೆಣೆದು ಒಂದು ಮಾಡಿದರೆ "ಜೊ". ಎಲ್ಲ ದೇಶದ ಹೆಣಿಗೆ ಪುಸ್ತಕಗಳಲ್ಲಿಯೂ ಹೀಗೆ ಸಣ್ಣ ಗುರುತು ಇರುತ್ತದೆ. ಪಾಠದ ಪುಸ್ತಕ ಮರೆತು ಬರುವವರಿದ್ದಾರೆ. ಈ ಪುಸ್ತಕ ಮರೆಯುವವರನ್ನು ನಾವು ಕಂಡಿಲ್ಲ.

ದುಡ್ಡು ಬರುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ. ನೇರವಾಗಿ ಹೇಳುತ್ತೇವೆ. ಹೆಚ್ಚು ಬರುವುದಿಲ್ಲ.

ನಮ್ಮಲ್ಲಿ ಒಬ್ಬಳು ಮಗುವಿನ ಸ್ವೆಟರು ಹೆಣೆದಳು. ನೂಲಿಗೆ 200 ರೂಪಾಯಿ ಆಯಿತು. ಮೂರು ವಾರ ಹೆಣೆದಳು. ಸಂತೆಯಲ್ಲಿ ಯಂತ್ರದ ಸ್ವೆಟರು 250 ರೂಪಾಯಿಗೆ ನೇತಾಡುತ್ತಿತ್ತು. ಇವಳ ಮೂರು ವಾರದ ಬೆಲೆ 50 ರೂಪಾಯಿಯೇ? ಆಂಧ್ರದ ನರಸಾಪುರದಲ್ಲಿ ಸಾವಿರಾರು ಹೆಂಗಸರು ಮನೆಯಲ್ಲಿ ಕೂತು ಕೊಕ್ಕೆ ಕಡ್ಡಿಯಿಂದ ಲೇಸ್ ಹೆಣೆಯುತ್ತಾರೆ. ಅದು ಹೊರದೇಶಗಳಿಗೆ ಹೋಗುತ್ತದೆ. ಮರಿಯಾ ಮೀಸ್ ಎಂಬ ವಿದ್ವಾಂಸರು ಅವರ ಬಗ್ಗೆ 1982ರಲ್ಲಿ ಪುಸ್ತಕ ಬರೆದರು. ಲಾಭವೆಲ್ಲ ವ್ಯಾಪಾರಿಗಳಿಗೆ, ಹೆಣೆಯುವ ಹೆಂಗಸರಿಗೆ ಅತಿ ಕಡಿಮೆ ಕೂಲಿ ಎಂದು ತೋರಿಸಿದರು. ಮನೆಯಲ್ಲಿ ಕೂತು ಮಾಡುವ ಕೆಲಸ, ಬಿಡುವಿನ ಕೆಲಸ ಎಂದು ಹೇಳಿ ಕೂಲಿ ಇಳಿಸುತ್ತಾರೆ. ಯಾರಾದರೂ ಬಂದು "ನೀವು ಹೆಣೆದು ಕೊಡಿ, ನಾವು ಮಾರಿ ಕೊಡುತ್ತೇವೆ" ಎಂದರೆ ಮೊದಲು ಲೆಕ್ಕ ಬರೆಯಿರಿ. ನೂಲು ಎಷ್ಟು, ಗಂಟೆ ಎಷ್ಟು, ಕೈಗೆ ಎಷ್ಟು.

ಹಾಗಾದರೆ ಯಾಕೆ ಹೆಣೆಯಬೇಕು? ಮೊಮ್ಮಗನಿಗೆ, ಮಗಳಿಗೆ, ತನಗೆ. ಮಾರುವುದಕ್ಕೇ ಎಲ್ಲವನ್ನೂ ಮಾಡುತ್ತೇವೆಯೇ? ರಂಗೋಲಿ ಹಾಕಿದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಗುಂಪು ದೊಡ್ಡದಾದರೆ ಏನೆಲ್ಲ ಮಾಡಬಹುದು ಎನ್ನುವುದಕ್ಕೆ ಒಂದು ನಿಜ ಸಂಗತಿ ಇದೆ. "ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್" ಎಂಬುದು ಹೆಣೆಯುವ ಹೆಂಗಸರ ಗುಂಪು. ಬೇರೆ ಬೇರೆ ಊರಿನವರು ಮನೆಯಲ್ಲಿ ಚೌಕ ಚೌಕ ಹೊದಿಕೆ ಹೆಣೆದರು. 2016ರ ಜನವರಿ 31ರಂದು ಚೆನ್ನೈನಲ್ಲಿ ಎಲ್ಲವನ್ನೂ ಜೋಡಿಸಿ ಹರಡಿದರು. 11,148 ಚದರ ಮೀಟರ್ ಆಯಿತು. ಅಂದರೆ ಎರಡೂಮುಕ್ಕಾಲು ಎಕರೆ! ಒಂದು ಸಣ್ಣ ಕಾಫಿ ತೋಟದಷ್ಟು ಹೊದಿಕೆ. ಅದು ಗಿನ್ನೆಸ್ ದಾಖಲೆಯಾಯಿತು. ನಮ್ಮ ಗುಂಪಿನಲ್ಲಿ ಇದನ್ನು ಓದಿ ಹೇಳಿದಾಗ ಲೈನಿನ ಅಕ್ಕ ಕೇಳಿದ್ದು ಒಂದೇ ಮಾತು: "ಅದನ್ನ ಒಣಗಿಸೋದು ಎಲ್ಲಿ ಟೀಚರ್?"

ಓದಿ, ಮಾಡಿ ನೋಡಿ

ಇದು ಪುಟ್ಟ ಮಗುವಿನ ಟೋಪಿಯ ಲೆಕ್ಕ. ಆ ಚಿಕ್ಕಮ್ಮ ತನ್ನ ನೋಟ್ ಪುಸ್ತಕದಲ್ಲಿ ಬರೆದಿಟ್ಟದ್ದು. ಕೆಲವು ಕಾಗುಣಿತ ಮಾತ್ರ ನಾವು ತಿದ್ದಿದ್ದೇವೆ.

ಕಡ್ಡಿ 8ನೇ ನಂಬರ್. ನೂಲು ಮೆತ್ತಗಿನದು, ಸುಮಾರು 25 ಗ್ರಾಂ. ಮೊದಲು 22 ಕುಣಿಕೆ ಹಾಕಿ ಸ್ವಲ್ಪ ಹೆಣೆದು ಅಳತೆ ನೋಡಬೇಕು. 10 ಸೆಂಟಿಮೀಟರ್ ಅಗಲ ಬರಬೇಕು. ಹೆಚ್ಚು ಬಂದರೆ ಸಣ್ಣ ಕಡ್ಡಿ. ಕಡಿಮೆ ಬಂದರೆ ದಪ್ಪ ಕಡ್ಡಿ.
68 ಕುಣಿಕೆ ಹಾಕು. ಅರವತ್ತೆಂಟು. ಎಂಬತ್ತಾರು ಅಲ್ಲ.
ಸೀ 2, ಉ 2. ಹೀಗೇ ಸಾಲಿನ ಕೊನೆ ತನಕ. ಕೊನೆಗೆ ಏನೂ ಉಳಿಯಬಾರದು. ಉಳಿದರೆ ನಿಲ್ಲಿಸಿ ಎಣಿಸು. ಎಲ್ಲ ಸಾಲೂ ಇದೇ. 4 ಸೆಂಟಿಮೀಟರ್ ಆಗುವ ತನಕ.
ಆಮೇಲೆ ಒಂದು ಸಾಲು ಪೂರ್ತಿ ಸೀ, ಒಂದು ಸಾಲು ಪೂರ್ತಿ ಉ. ಒಟ್ಟು 12 ಸೆಂಟಿಮೀಟರ್ ಆಗುವ ತನಕ. ಉ ಸಾಲಿಗೆ ನಿಲ್ಲಿಸು.
ಈಗ ತಲೆ ಮುಚ್ಚುವುದು. ಸೀ 2, ಜೊ 1. ಕೊನೆ ತನಕ. 51 ಉಳಿಯುತ್ತದೆ. ಮುಂದಿನ ಸಾಲು ಉ.
ಸೀ 1, ಜೊ 1. ಕೊನೆ ತನಕ. 34 ಉಳಿಯುತ್ತದೆ. ಮುಂದಿನ ಸಾಲು ಉ.
ಬರೀ ಜೊ. 17 ಉಳಿಯುತ್ತದೆ.
ನೂಲು ಒಂದು ಮೊಳ ಬಿಟ್ಟು ಕತ್ತರಿಸು. ದಬ್ಬಣಕ್ಕೆ ಪೋಣಿಸಿ 17 ಕುಣಿಕೆಯೊಳಗೆ ಹಾಯಿಸಿ ಬಿಗಿಯಾಗಿ ಎಳೆ. ಅದೇ ನೂಲಿನಲ್ಲಿ ಬದಿ ಹೊಲಿ.
ದಾರ ಕಟ್ಟಬಾರದು. ಗೊಂಡೆ ಬೇಡ. ಮಣಿ ಬೇಡ. ಮಗುವಿನ ಕತ್ತಿಗೆ, ಬಾಯಿಗೆ ಹೋಗುತ್ತದೆ. ಬೆಂಕಿ ಹತ್ತಿರ ಬೇಡ. ಮಗು ಬೆವರಿದರೆ ಟೋಪಿ ತೆಗೆ.

ಈಗ ನಿಮ್ಮ ನೋಟ್ ಪುಸ್ತಕ ತೆಗೆಯಿರಿ.

1. ಸೀ 2, ಉ 2 ಹೆಣೆಯಲು 72 ಕುಣಿಕೆ ಸರಿಯೇ? 74 ಸರಿಯೇ? ಹುಣಸೆ ಬೀಜ ಇಟ್ಟು ನೋಡಿ.
2. 68 ಕುಣಿಕೆಯಲ್ಲಿ ಪ್ರತಿ ನಾಲ್ಕಕ್ಕೆ ಒಂದು ಕಡಿಮೆ ಮಾಡಿದರೆ 51 ಹೇಗೆ ಆಯಿತು? ಬರೆದು ತೋರಿಸಿ.
3. ನಿಮ್ಮ ಮನೆಯಲ್ಲಿರುವ ಯಾವ ಬಟ್ಟೆ ನೇಯ್ದದ್ದು, ಯಾವುದು ಹೆಣೆದದ್ದು? ಮೂರು ಮೂರು ಹೆಸರು ಬರೆಯಿರಿ.
4. ನಿಮಗೆ ಗೊತ್ತಿರುವ ಒಂದು ಕೈಕೆಲಸವನ್ನು, ದಂಡೆ ಕಟ್ಟುವುದೋ, ಚಾಪೆ ಹೆಣೆಯುವುದೋ, ಬೇರೆಯವರು ಓದಿ ಮಾಡುವ ಹಾಗೆ ಐದು ಸಾಲು ಬರೆಯಿರಿ. ಭಾನುವಾರ ತನ್ನಿ.